ಬೆಳ್ಳಿಯ ಕಣ ಮತ್ತು ಮಂಜಪ್ಪನವರ ಬೇಲಿ

ಓದುವ ವಯಸ್ಸಿನಲ್ಲಿ ಓದದೆ, ಕನ್ನಡಕದ ನಂಬರು ಏರುವ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಕೈ ಹಾಕಿದವರನ್ನು ಕಂಡರೆ ದಯವಿಟ್ಟು ನಗಬೇಡಿ. ಆ ಕೆಲಸಕ್ಕೆ ಅವರ ಮನೆಯಲ್ಲೇ ಜನ ಇರುತ್ತಾರೆ. ನಾನು ಕೊಪ್ಪದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಬೆಳ್ಳಿಯ ಕಣಗಳ ಗಾತ್ರವನ್ನು ವಿದ್ಯುತ್ತಿನಿಂದ ಅಳೆಯುವುದು ನನ್ನ ಸಂಶೋಧನೆ. ಕೂದಲಿಗಿಂತ ತೆಳ್ಳಗಿನ ಇಂಗಾಲದ ಎಳೆಯೊಂದನ್ನು ಆ ನೀರಿನಲ್ಲಿ ಅದ್ದಿ, ಹದವಾಗಿ ವಿದ್ಯುತ್ ಕೊಟ್ಟು ಕಾಯಬೇಕು. ಅಲೆದಾಡುತ್ತಿರುವ ಕಣವೊಂದು ಬಂದು ಎಳೆಗೆ ತಗುಲಿದರೆ ಅಲ್ಲೇ ಕರಗಿಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಮುಳ್ಳಿನಂಥ ಗೆರೆಯೊಂದು ಏಳುತ್ತದೆ. ಆಗ ಹರಿದ ವಿದ್ಯುತ್ತನ್ನು ಲೆಕ್ಕ ಹಾಕಿದರೆ ಕಣ ಎಷ್ಟು ದೊಡ್ಡದಿತ್ತೆಂದು ತಿಳಿಯುತ್ತದೆ. ಹಲಸಿನ ಹಣ್ಣು ಬಿದ್ದ ಸದ್ದು ಕೇಳಿ ತೂಕ ಹೇಳಿದ ಹಾಗೆ ಎಂದು ಹೆಂಡತಿ ಸುಮತಿಗೆ ವಿವರಿಸಿದ್ದೆ. "ಎದ್ದು ಹೋಗಿ ಹಣ್ಣು ತಂದಿದ್ರೆ ಕಡುಬಾದ್ರೂ ಮಾಡಬಹುದಿತ್ತು" ಎಂದಿದ್ದಳು.

ಕಾಲೇಜಿನಲ್ಲಿ ಕರೆಂಟು ಒಂದು ಗಳಿಗೆ ಇದ್ದರೆ ಇನ್ನೊಂದು ಗಳಿಗೆ ಇರುವುದಿಲ್ಲ. ಆದ್ದರಿಂದ ನಮ್ಮ ಗೈಡ್ ಕೊಟ್ಟಿದ್ದ ಅಂಗೈಯಗಲದ ಉಪಕರಣವನ್ನು ಮೇಗುಂದದ ನಮ್ಮ ಮನೆಗೇ ತಂದೆ. ಸೆಮಿನಾರಿಗೆ ಹತ್ತೇ ದಿನ ಉಳಿದಿತ್ತು. ಮೂರು ಸಲ ಗಡುವು ಮುಂದೂಡಿಸಿಕೊಂಡವನು ನಾಲ್ಕನೆಯ ಸಲ ಕೇಳುವ ಹಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಎಳೆಯನ್ನು ಅದ್ದಿ ಕೂತೆ. ಏನು ಹೇಳಲಿ! ಒಂದರ ಹಿಂದೊಂದು ಮುಳ್ಳು, ಎಲ್ಲವೂ ಒಂದೇ ಎತ್ತರ. ಅಂದರೆ ಎಲ್ಲ ಕಣಗಳೂ ಒಂದೇ ಗಾತ್ರ! ಜಗತ್ತಿನಲ್ಲಿ ಯಾರಿಗೂ ಇಷ್ಟು ಸಮನಾದ ಕಣ ಸಿಕ್ಕಿರಲಾರದು ಎನ್ನಿಸಿ, ಸನ್ಮಾನದ ಶಾಲು ಹೊದಿಸಿಕೊಳ್ಳುವಾಗ ಕತ್ತು ಎಷ್ಟು ಬಗ್ಗಿಸಬೇಕೆಂಬುದನ್ನೂ ಯೋಚಿಸಿಬಿಟ್ಟೆ. ಕಾಫಿ ತಂದ ಸುಮತಿ ಪರದೆ ನೋಡಿ, "ಇದೆಂತ, ನಿಮ್ಮ ಕಣಗಳು ಶೃಂಗೇರಿ ಬಸ್ಸಿಗಿಂತ ಸರಿಯಾದ ಟೈಮಿಗೆ ಬರ್ತಾವಲ್ಲ?" ಎಂದಳು. ವಿಜ್ಞಾನ ಅರಿಯದವರ ಮಾತೆಂದು ನಕ್ಕು ಗೈಡ್‌ಗೆ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿದರು. "ಕಣಗಳು ಮನಸ್ಸು ಬಂದಾಗ ಬರ್ತಾವೆ, ಸೆಕೆಂಡು ಎಣಿಸಿಕೊಂಡು ಬರಲ್ಲ. ಬೆಳ್ಳಿ ಹಾಕದೆ ಬರೀ ಉಪ್ಪುನೀರಲ್ಲಿ ನೋಡಿದ್ರಾ?" ಎಂದರು. ನೋಡಿರಲಿಲ್ಲ. ಇಪ್ಪತ್ತು ವರ್ಷದಿಂದ ಹುಡುಗರಿಗೆ "ಮೊದಲು ಖಾಲಿ ಪರೀಕ್ಷೆ ಮಾಡ್ರೋ" ಎಂದು ಕಿರುಚಿದ ಗಂಟಲು ನನ್ನದೇ. ಉಪ್ಪುನೀರು ಇಟ್ಟೆ. ಅದೇ ಮುಳ್ಳು, ಅದೇ ಎತ್ತರ. ಬೆಳ್ಳಿಯೇ ಇಲ್ಲದ ನೀರಿನಲ್ಲೂ ನಾನು ಬೆಳ್ಳಿ ಅಳೆಯುತ್ತಿದ್ದೆ.

"ಅಡುಗೆಮನೆ ರೇಡಿಯೋದಲ್ಲೂ ಹೀಗೇ ಟಕ್ ಟಕ್ ಅಂತದೆ, ಮಂಜಪ್ಪನವರು ಝಟ್ಕಾ ಬೇಲಿ ಹಾಕಿದಾಗಿಂದ" ಎಂದಳು ಸುಮತಿ. ಮಂಜಪ್ಪನವರು ಪಕ್ಕದ ಮನೆಯವರು. ತಮ್ಮ ಬಾಳೆತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ತಡೆಯಲು ಸೆಕೆಂಡಿಗೊಮ್ಮೆ ಶಾಕ್ ಹೊಡೆಯುವ ತಂತಿಯನ್ನು ನಮ್ಮ ಗೋಡೆಯ ಆಚೆಗೇ ಎಳೆದಿದ್ದರು. ಅದರ ಒಂದೊಂದು ಹೊಡೆತವೂ ನನ್ನ ಪರದೆಯಲ್ಲಿ ಒಂದೊಂದು ಮುಳ್ಳಾಗುತ್ತಿತ್ತು. ಹೋಗಿ, ಅರ್ಧ ಗಂಟೆ ಅದನ್ನು ಆರಿಸಬಹುದೇ ಎಂದು ಕೇಳಿದೆ.

"ಆರಿಸುವ ಮಾರಾಯ್ರೆ, ಅದಕ್ಕೆಂತ? ಮಂಗ ಬಂದ್ರೆ ನೀವು ಸ್ವಲ್ಪ ಕೂಗಿ ಓಡ್ಸಿ. ನಾನು ಬಾಳೆಹೊನ್ನೂರಿಗೆ ಹೋಗಿ ಬತ್ತೆ" ಎಂದು ಹೊರಟರು.

ಪರದೆ ಶಾಂತವಾಯಿತು. ಬೆಳ್ಳಿ ಹಾಕಿದೆ. ಬಹಳ ಹೊತ್ತಿನ ಮೇಲೆ ಒಂದು ಕುಳ್ಳ ಮುಳ್ಳು. ಆಮೇಲೆ ಎರಡು ಒಟ್ಟಿಗೆ, ಮತ್ತೆ ಮೌನ, ಮತ್ತೆ ಒಂದು ಉದ್ದನೆಯದು. ಒಂದರ ಹಾಗೆ ಇನ್ನೊಂದಿಲ್ಲ. ನಿಜವಾದ ಕಣಗಳು! ಕಣ್ಣಲ್ಲಿ ನೀರು ಬಂತು. ಹಿತ್ತಲಲ್ಲಿ ಏನೋ ಗದ್ದಲ ಕೇಳಿಸಿದಂತಾಯಿತು, ಏಳಲಿಲ್ಲ. ಅರ್ಧ ಗಂಟೆ ಎರಡು ಗಂಟೆಯಾಯಿತು.

ಮಂಜಪ್ಪನವರು ಬಂದಾಗ ಅವರ ಬಾಳೆಗೊನೆಯಲ್ಲಿ ಮಂಗಗಳು ತಿಂದು ಉಳಿಸಿದ ದಿಂಡು ಮಾತ್ರ ನೇತಾಡುತ್ತಿತ್ತು. ಕೂಗಿ ಓಡಿಸಲು ಏಳಲೇ ಇಲ್ಲವೆಂದು ಒಪ್ಪಿಕೊಂಡೆ.

"ಹೋಗ್ಲಿ, ನಿಮ್ಮ ಕಣ ಸಿಕ್ತಾ? ಎಷ್ಟು ದೊಡ್ಡದು?"

"ಕೂದಲನ್ನ ಸಾವಿರ ಸೀಳು ಮಾಡಿದ್ರೆ, ಒಂದು ಸೀಳಿಗಿಂತ ಸಣ್ಣದು."

ಅವರು ದಿಂಡನ್ನು ನೋಡಿದರು, ನನ್ನನ್ನು ನೋಡಿದರು. "ಅಷ್ಟು ಸಣ್ಣದು ಕಾಣ್ತು. ಮಂಗ ಕಾಣ್ಲಿಲ್ಲ ಅಲ್ದಾ?"

ಸೆಮಿನಾರು ಚೆನ್ನಾಗಿಯೇ ಆಯಿತು. ಪ್ರಬಂಧದಲ್ಲಿ, 'ಬಾಹ್ಯ ವಿದ್ಯುತ್ ಅಡಚಣೆಗಳನ್ನು ಯಶಸ್ವಿಯಾಗಿ ನಿವಾರಿಸಲಾಯಿತು' ಎಂದು ಗಂಭೀರವಾಗಿ ಬರೆದು ಕಳಿಸಿದೆ. ಗೈಡ್ ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ಹೇಗೆ ನಿವಾರಿಸಿದಿರಿ? ವಿವರವಾಗಿ ಬರೆಯಿರಿ' ಎಂದು ಬರೆದು ವಾಪಸು ಕಳಿಸಿದ್ದಾರೆ. ನಾಲ್ಕು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ.