ಪೂಜೆಗೆ ಮುಂಚಿನ ಸೂಜಿ

ಸಾರವಾಡದ ಶಿವಯೋಗೆಪ್ಪನವರಿಗೆ ಸಕ್ಕರೆ ಕಾಯಿಲೆಯೊಂದಿಗೆ ಅಂಥ ಜಗಳವೇನಿರಲಿಲ್ಲ. ಜಗಳ ಶುರುವಾದದ್ದು ಕಾಲಿನ ಹುಣ್ಣಿಗೆಂದು ವಿಜಾಪುರದ ಆಸ್ಪತ್ರೆ ಸೇರಿ, ಅವರ ಗಾಜಿನ ಸಿರಿಂಜನ್ನು ಸಿಸ್ಟರ್ ಕಾಶಿಬಾಯಿ ಕಸಿದು ಕಪಾಟಿಗೆ ಹಾಕಿದ ಮೇಲೆ.

ಮನೆಯಲ್ಲಿ ಅವರದೊಂದು ಕ್ರಮವಿತ್ತು. ಜಳಕ, ಲಿಂಗಪೂಜೆ, ಆಮೇಲೆ ತಾವೇ ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ರೊಟ್ಟಿ. ಪೂಜೆಯಾಗದೆ ಬಾಯಿಗೆ ತುತ್ತಿಲ್ಲ. ವಾರ್ಡಿನಲ್ಲಿ ಬೆಳಕು ಹರಿಯುತ್ತಲೇ ಸೂಜಿ. ನಳಕ್ಕೆ ನೀರು ಬರುವುದು ಹೊತ್ತೇರಿದ ಮೇಲೆ.

"ಯವ್ವಾ, ಜಳಕ ಪೂಜಿ ಆಗಲಿ, ಆಮ್ಯಾಲೆ ಚುಚ್ಚು," ಎಂದರು ಅಂದು ಬೆಳಿಗ್ಗೆ.

"ನಿಮ್ಮ ದೇವರು ಕಾಯ್ತಾನ್ರಿ, ನನ್ನ ಡ್ಯೂಟಿ ಕಾಯಾಂಗಿಲ್ಲ," ಎಂದು ಕಾಶಿಬಾಯಿ ಗೋಣಿಚೀಲ ಹೊಲಿದಂತೆ ಚುಚ್ಚಿ ಹೋದಳು.

ಅಂದು ನೀರು ಬರಲೇ ಇಲ್ಲ. ಜಳಕವಿಲ್ಲ, ಪೂಜೆಯಿಲ್ಲ, ಹೊಟ್ಟೆಗೆ ತುತ್ತಿಲ್ಲ; ಖಾಲಿ ಹೊಟ್ಟೆಯ ಇನ್ಸುಲಿನ್ನಿಗೆ ಸಕ್ಕರೆ ಇಳಿದು ಶಿವಯೋಗೆಪ್ಪ ಬೆವೆತರು. ಕೈಗಳು ಜೋಳ ಕೇರುವ ಮೊರದ ಹಾಗೆ ಅಲುಗಿದವು, ಕಣ್ಣಿಗೆ ಕತ್ತಲೆ ಬಂತು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ತೊರವಿಯ ಮಲಕಾಜಪ್ಪ, "ಯಪ್ಪಾ, ಸತ್ತರ ಪೂಜಿ ಯಾರು ಮಾಡವ್ರು!" ಎಂದು ಮಲಗಿದಲ್ಲಿಂದಲೇ ಕೈ ಚಾಚಿ ತನ್ನ ಗಂಟಿನ ಬೆಲ್ಲ ಅವರ ಬಾಯಿಗೆ ತುರುಕಿದ.

ಜೀವ ಮರಳಿತು, ಲಿಂಗ ಕಟ್ಟಿಕೊಂಡ ದಿನದಿಂದ ಕಾಯ್ದುಕೊಂಡು ಬಂದ ನೇಮ ಹೋಯಿತು. ಮುದುಕ ಗೋಡೆಗೆ ಮುಖ ಮಾಡಿ ಅತ್ತರು.

ಮಧ್ಯಾಹ್ನ ಸಕ್ಕರೆ ಪರೀಕ್ಷೆಗೆಂದು ಮೂತ್ರಕ್ಕೆ ಔಷಧಿ ಬೆರೆಸಿ ಕಾಯಿಸಿ ನೋಡಿದರೆ ಇಟ್ಟಂಗಿ ಬಣ್ಣ, ಸಕ್ಕರೆ ಏರಿದ ಗುರುತು.

"ಕದ್ದು ಬೆಲ್ಲ ತಿಂತೀರೇನ್ರಿ? ಡಾಕ್ಟರಿಗೆ ಹೇಳಿ ಇನ್ಸುಲಿನ್ ಜಾಸ್ತಿ ಮಾಡಸ್ತೇನಿ ತಡೀರಿ," ಎಂದಳು ಕಾಶಿಬಾಯಿ.

ಅವಳು ಅತ್ತ ಹೋದದ್ದೇ ಶಿವಯೋಗೆಪ್ಪ ಎದ್ದು ಕುಳಿತರು. "ಡಾಕ್ಟರಿಗೆ ನಾನೂ ಹೇಳತೇನಿ. ನನ್ನ ಸಿರಿಂಜ ನನಗ ಬೇಕು."

"ಹುಚ್ಚರದೀರಿ," ಎಂದ ಮಲಕಾಜಪ್ಪ. "ಇಲ್ಲಿ ದೂರು ಹೇಳಿದವರಿಗೆ ಮೊಂಡ ಸೂಜಿ. ಮೊದಲ ಹೊಗಳ್ರಿ, ಆಮ್ಯಾಲೆ ಕೇಳ್ರಿ. ಸಾಹೇಬ ಬೆಣ್ಣಿ ಕರಗಿದಂಗ ಕರಗತಾನ."

ಸಂಜೆ ದೊಡ್ಡ ಡಾಕ್ಟರು ಬಂದರು. ಬೆನ್ನಿಗೆ ಕಾಶಿಬಾಯಿ.

"ಏನ್ರಿ ಅಜ್ಜಾರ, ನಮ್ಮ ಉಪಚಾರ ಸಮಾಧಾನ ಐತೇನು?"

ಶಿವಯೋಗೆಪ್ಪ ಕೈ ಮುಗಿದರು. "ಭಾಳ ಸಮಾಧಾನ್ರಿ. ಸಿಸ್ಟರ ಕೈ ಅಂದ್ರ ಹೂವು. ಚುಚ್ಚಿದ್ದ ಗೊತ್ತಾಗೂದಿಲ್ಲ. ಆದ್ರ ಸಾಹೇಬ್ರ, ನನ್ನ..."

"ಆದ್ರ ಗೀದ್ರ ಏನೂ ಬ್ಯಾಡ್ರಿ!" ಡಾಕ್ಟರ ಮುಖ ಅರಳಿತು. "ಈ ವಾರ್ಡಿನ್ಯಾಗ ನಮ್ಮನ್ನ ಮೆಚ್ಚಿದವರು ನೀವೊಬ್ಬರೇ ಸಿಕ್ಕಿರಿ. ಕಾಶಿಬಾಯಿ, ಇಂಥಾ ಹಿರ್ಯಾರನ್ನ ಕಾಯಿಸಬ್ಯಾಡ. ನಾಳಿಂದ ಎಲ್ಲಾರಕಿಂತ ಮೊದಲ ಸೂಜಿ ಇವರಿಗೇ."

ಕಾಶಿಬಾಯಿ ಮೊದಲ ಸಲ ನಕ್ಕಳು.

"ಕೋಳಿ ಕೂಗೂಕಿಂತ ಮೊದಲ ಬರತೇನ್ರಿ, ಅಜ್ಜಾರ."