ಗುಳಿಗೆಯ ಬೆನ್ನಿಗೆ ಎರಡು ಚಮಚ

ಗುಳಿಗೆ ಕೆಲಸ ಮಾಡದಿದ್ದರೆ ಅದಕ್ಕೆ ಎಷ್ಟು ಕಾರಣಗಳಿರಬಹುದು ಎಂದು ನನ್ನನ್ನು ಕೇಳಬೇಕು. ಮಾಲು ನಕಲಿಯಿರಬಹುದು. ಅಸಲಿಯಾದರೂ ಅವಧಿ ಮುಗಿದಿರಬಹುದು. ಅವಧಿ ಇದ್ದರೂ ಮಸ್ಕಿಯ ಬಿಸಿಲಿಗೆ ಅಂಗಡಿಯಲ್ಲೇ ಬೆಂದು ಸತ್ವ ಕಳೆದುಕೊಂಡಿರಬಹುದು. ಡಾಕ್ಟರು ಇನ್ನೊಬ್ಬರ ಔಷಧಿಯನ್ನು ನನ್ನ ಚೀಟಿಯಲ್ಲಿ ಬರೆದಿರಬಹುದು. ಅಥವಾ ನನ್ನದು ಗುಳಿಗೆಗೆ ಬಗ್ಗದ ರೋಗವೇ ಇರಬಹುದು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಐದು ದಿನ ಟೆಟ್ರಾಸೈಕ್ಲಿನ್ ಗುಳಿಗೆ ನುಂಗಿಯೂ ಜ್ವರ, ಕಫದ ಕೆಮ್ಮು ಇಳಿಯದಿದ್ದಾಗ, ಮಲಗಿದಲ್ಲೇ ಇಷ್ಟನ್ನೂ ಯೋಚಿಸಿದೆ. ಮೊದಲನೆಯ ಕಾರಣವೇ ಹಿಡಿಸಿತು. ಅದರಲ್ಲಿ ತಪ್ಪು ಇನ್ನೊಬ್ಬರದು.

ಸಂತೆಯ ದಿನ, ಗುಳಿಗೆ ಕೊಂಡಿದ್ದ ಮಹಬೂಬಸಾಬರ ಔಷಧಿ ಅಂಗಡಿಗೆ ಹೋದೆ. ನನ್ನದು ಮಾಸ್ತರಿಕೆಯ ದನಿ, ಜ್ವರದಲ್ಲೂ ಹಿಂದಿನ ಬೆಂಚಿಗೆ ಮುಟ್ಟುತ್ತದೆ. "ಏನ್ರೀ ಸಾಬ್ರ, ಗುಳಿಗ್ಯಾಗ ಸುಣ್ಣ ತುಂಬಿ ಮಾರಾಕತ್ತೀರೇನು?"

ಪಾಮನಕಲ್ಲೂರಿನ ಹೆಣ್ಣುಮಗಳೊಬ್ಬಳು ಕೈಯಲ್ಲಿದ್ದ ಗುಳಿಗೆಗಳನ್ನು ಮೆಲ್ಲಗೆ ವಾಪಸು ಇಟ್ಟಳು. "ಮಾಸ್ತರ ಹಂಗಂತಾರಂದ್ರ ನನಗ ಬ್ಯಾಡಪ್ಪ." ಅವಳ ಹಿಂದೆ ಇನ್ನಿಬ್ಬರು ಅಂಗಡಿಯ ಮೆಟ್ಟಿಲಿಳಿದು ಹೋದರು.

ಸಾಬರು ಸಿಟ್ಟಾಗಲಿಲ್ಲ. ಈಗಲೂ ಚುಚ್ಚುವುದು ಅದೇ. "ಡಾಕ್ಟರ ಹತ್ರ ಹೋಗೂಣ ಬರ್ರಿ. ಮಾಲು ಖೊಟ್ಟಿ ಇದ್ರ ಇವತ್ತ ಅಂಗಡಿ ಬಾಗಿಲ ಹಾಕ್ತೀನಿ" ಎಂದರು.

ಡಾಕ್ಟರಿದ್ದ ಸಿಂಧನೂರಿನವರೆಗೆ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು. ಡಾಕ್ಟರು ಗುಳಿಗೆ ನೋಡಿ ಸರಿಯಾಗಿದೆ ಎಂದರು. "ಇದರ ಜೊತಿ ಬ್ಯಾರೆ ಏನರ ತಗೊಳ್ತೀರೇನು? ಅವತ್ತೂ ಕೇಳಿದ್ದೆ."

ಅವತ್ತು ಇಲ್ಲ ಎಂದಿದ್ದೆ, ಗುಳಿಗೆಗೂ ಹೆದರುವ ಅಂಜುಬುರುಕ ಎಂದು ನಕ್ಕಾರು ಅಂತ. "ಔಷಧ ಏನಿಲ್ರೀ. ಯಾವ ಗುಳಿಗಿ ಆದ್ರೂ ಉಷ್ಣ ಅಲ್ರೀ, ಅದಕ್ಕ ಬೆನ್ನಿಗೇ ಹೊಟ್ಟಿ ಉರಿಯೋದಕ್ಕ ಕುಡಿಯೋ ಆ ಬಿಳೇದು, ಎರಡು ಚಮಚ..."

ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ಬಿಳೇದು ಹೊಟ್ಯಾಗ ಗುಳಿಗಿನ್ನ ಹಿಡಕೊಂಡು ಕುಂದರ್ತದರೀ, ರಕ್ತಕ್ಕ ಸೇರಾಕ ಬಿಡಂಗಿಲ್ಲ. ನಡುವ ಎರಡು ಮೂರು ತಾಸು ಬಿಡಬೇಕು. ಐದು ದಿನ ಗುಳಿಗಿನ್ನ ಬರೇ ಮೆರವಣಿಗಿ ಮಾಡಿಸೀರಿ ನೋಡ್ರಿ."

ಸಾಬರು ನಗಲಿಲ್ಲ. ಮರಳುವಾಗ, "ಕಿಡಕಿ ಕಡೆ ಕುಂದರ್ರಿ ಮಾಸ್ತರ, ಜ್ವರ ಅದಾವ" ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಿಳಿಯದನ್ನು ಬಿಟ್ಟೆ. ಅದೇ ಅಂಗಡಿಯ ಅದೇ ಗುಳಿಗೆಗೆ ನಾಲ್ಕು ದಿನದಲ್ಲಿ ಎದೆ ಸ್ವಚ್ಛವಾಯಿತು. ಮುಂದಿನ ಸಂತೆಗೆ ಅಂಗಡಿಗೆ ಹೋಗಿ, ಬಗ್ಗಿ, "ಸಾಬ್ರ, ನಂದ ತಪ್ಪಾತ್ರೀ" ಎಂದು ಅವರಿಗಷ್ಟೇ ಕೇಳುವಂತೆ ಉಸುರಿದೆ.

"ಮಂದಿ ಮುಂದ ಬೈದು ಕಿವ್ಯಾಗ ಮಾಫಿ ಕೇಳ್ತೀರಲ್ರೀ! ಆ ಪಾಮನಕಲ್ಲೂರಾಕಿ ಇನ್ನೂ ಈ ಕಡೆ ಬಂದಿಲ್ಲ. ಅವತ್ತಿನ ದನಿಯೊಳಗ ಹೇಳ್ರಿ."

ತಿರುಗಿ ನೋಡಿದೆ. ಹದಿನೈದು ಮಂದಿ, ಅವರಲ್ಲಿ ಅರ್ಧ ನನ್ನ ವಿದ್ಯಾರ್ಥಿಗಳ ಅಪ್ಪಂದಿರು. ಕೊನೆಗೆ ಎಲ್ಲವನ್ನೂ ಹೇಳಿದೆ ಅನ್ನಿ, ಎರಡು ಚಮಚವನ್ನೂ ಸೇರಿಸಿ. ಅದಕ್ಕೂ ಮೊದಲು, ಸ್ವಲ್ಪ ಹೊತ್ತು ತಳ್ಳೋಣವೆಂದು ಕೆಮ್ಮಲು ನೋಡಿದೆ. ಮಾಲು ಎಷ್ಟು ಅಸಲಿಯಿತ್ತೆಂದರೆ, ಒಂದು ಕೆಮ್ಮೂ ಬರಲಿಲ್ಲ.