ಬೂಷ್ಟು ಸಾಕಿದ ಭಾವ

ಊರಲ್ಲಿ ಹಸು ಸಾಕಿದವರಿದ್ದರು, ಕುರಿ ಸಾಕಿದವರಿದ್ದರು, ರೇಷ್ಮೆ ಹುಳು ಸಾಕಿದವರಂತೂ ಬೇಕಾದಷ್ಟು. ನಮ್ಮ ಭಾವ ಬೂಷ್ಟು ಸಾಕಿದರು! ಅದೂ ಕಣ್ಣಿಗೇ ಕಾಣದ ಬೂಷ್ಟು. ಕಾಣದ್ದನ್ನು ಸಾಕುತ್ತೇನೆ ಎನ್ನುವವರ ಜೊತೆ ಹೇಗೆ ವಾದ ಮಾಡುವುದು, ನೀವೇ ಹೇಳಿ!

ಭಾವ ಎಂದರೆ ನನ್ನ ಅಕ್ಕನ ಗಂಡ. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ, ಹೊಲ ಸಾಸಲು ಹತ್ತಿರ, ಆಗ ನಾನೂ ಅವರ ಮನೆಯಲ್ಲೇ ಇದ್ದೆ. ಎಪ್ಪತ್ತರ ದಶಕ, ಎಲ್ಲರಿಗೂ ಮೂಟೆಗೊಬ್ಬರದ ಹುಚ್ಚು ಹತ್ತಿದ್ದ ಕಾಲ. ಭಾವ ಮಾತ್ರ ಬೆಂಗಳೂರಿನಲ್ಲಿ ಯಾರದೋ ಭಾಷಣ ಕೇಳಿಕೊಂಡು ಬಂದವರೇ ಜಗಲಿಯ ತುಂಬ ಮಡಕೆ ಜೋಡಿಸಿ ಜೋಳ ಬಿತ್ತಿದರು. ಮಡಕೆಗೆ ಮಣ್ಣು ಎಲ್ಲಿಂದ? ಸುಡುಬಿಸಿಲಲ್ಲೂ ಹಸಿರಾಗಿರುತ್ತಿದ್ದ, ಬದುವಿನ ಗರಿಕೆಯ ಬುಡದಿಂದ! ಆ ಬೇರಿನ ಬೂಷ್ಟು ಜೋಳದ ಬೇರಿಗೂ ಹತ್ತಿ ಹೆಚ್ಚುತ್ತದಂತೆ.

ಪೈರು ಎದ್ದಿತು, ಬಡಕಲಾಗಿ. ನಾನು ಸುಮ್ಮನಿರಲಾರದೆ ಕೇಳಿದೆ.

"ಒಂದು ಹಿಡಿ ಗೊಬ್ಬರ ಹಾಕ್ಲಾ ಭಾವ?"

"ಮುಟ್ಟಬೇಡಮ್ಮಾ! ಹೊಟ್ಟೆ ತುಂಬಿದ ಬೇರು ಬೂಷ್ಟನ್ನ ಹತ್ರಕ್ಕೇ ಸೇರಿಸಲ್ಲ. ಹಸಿವಿದ್ರೆ ತಾನೇ ನೆಂಟಸ್ತನ?"

ಆ ನೆಂಟಸ್ತನವನ್ನೂ ವಿವರಿಸಿದರು. "ಈ ಬೂಷ್ಟು ಮನೆ ಅಳಿಯ ಇದ್ದ ಹಾಗೆ. ಬೇರು ಅವನಿಗೆ ಸಿಹಿ ಉಣಿಸುತ್ತೆ. ಅವನು ಕೂದಲಿಗಿಂತ ಸಣ್ಣ ಎಳೆ ಚಾಚಿ, ಬೇರು ಹೋಗಲಾರದ ಕಡೆಯಿಂದ ನೀರು ತಂದು ಕೊಡ್ತಾನೆ. ಮಳೆ ಕೈಕೊಟ್ರೂ ಪೈರು ತಡ್ಕೊಳ್ಳುತ್ತೆ."

ಅಷ್ಟರಲ್ಲಿ ಬಾವಿಯಿಂದ ಬಿಂದಿಗೆ ಹೊತ್ತು ಬಂದ ಅಕ್ಕ, "ನೀರು ತರೋ ಅಳಿಯ ನಮ್ಮಪ್ಪನಿಗೂ ಒಬ್ಬ ಸಿಕ್ಕಿದ್ರೆ ಎಷ್ಟು ಚೆನ್ನಾಗಿತ್ತು!" ಎಂದು ಒಳಗೆ ಹೋದಳು.

ಸಂತೆಯಿಂದ ಬೇರು ಸಮೇತ ದಂಟಿನ ಸೊಪ್ಪು ತಂದರೂ ಕಷ್ಟ. "ತೊಳೀಬೇಡ ಇರು!" ಎಂದು ಭಾವ ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಕಣ್ಣಿಗೆ ಕಾಣದ್ದು ಭೂತಗನ್ನಡಿಗೂ ಕಾಣುತ್ತಿರಲಿಲ್ಲ, ಬಿಡಿ. ಸಾರು ಕುದಿಯುವಷ್ಟರಲ್ಲಿ ನಮ್ಮ ಹೊಟ್ಟೆ ಕುದಿಯುತ್ತಿತ್ತು.

ಕೊನೆಗೆ ಮಡಕೆಗಳ ಪೈರು ಒಣಗಿಸಿ, ಬೇರು ಕತ್ತರಿಸಿ ಮಣ್ಣಲ್ಲೇ ಬೆರೆಸಿ, ಹಿತ್ತಿಲ ಗುಡಾಣಕ್ಕೆ ತುಂಬಿದರು. ಹಿಡಿಸದೆ ಮಿಕ್ಕಿದ್ದು ಒಂದು ಮಂಕರಿಯಲ್ಲಿ ಅಟ್ಟ ಸೇರಿತು. ಮಳೆಗಾಲದಲ್ಲಿ ಅದನ್ನು ರಾಗಿ ಸಸಿ ಮಡಿಗೆ ಬೆರೆಸಿ, ಆ ಸಸಿಯನ್ನು ಹೊಲದಲ್ಲಿ ನಾಟಿ ಮಾಡುವುದು ಅವರ ಲೆಕ್ಕ. ಹೊಲ ಎರಡಿತ್ತು. ಒಂದು ಭಾವನದು. ಪಕ್ಕದ್ದು ನಮ್ಮಪ್ಪ ಅರಿಸಿನ ಕುಂಕುಮಕ್ಕೆಂದು ಅಕ್ಕನಿಗೆ ಕೊಟ್ಟದ್ದು. ಆ ಹೊಲದ ರಾಗಿ ಎಂದರೆ ಅಕ್ಕನಿಗೆ ಪ್ರಾಣ. ಯಾರೇ ಬರಲಿ, "ಇದು ನನ್ನ ಹೊಲದ್ದು" ಎಂದು ಹೇಳದೆ ಮುದ್ದೆ ಬಡಿಸಿದವಳಲ್ಲ. ಬೂಷ್ಟಿನ ಪ್ರಯೋಗಕ್ಕೆ ಒಪ್ಪಿಸಲು ಭಾವ ತಿಂಗಳುಗಟ್ಟಲೆ ಗೋಗರೆಯಬೇಕಾಯಿತು.

ಒಪ್ಪಿದವಳು ಮಾಡಿದ್ದೇನು? ಯುಗಾದಿಗೆ ಮನೆ ಸಾರಿಸುವಾಗ ಮಣ್ಣು ಸಾಲದೆ ಗುಡಾಣಕ್ಕೆ ಕೈ ಹಾಕಿದಳು! ಚೆನ್ನಾಗಿ ಜರಡಿ ಹಿಡಿದು, ಸಗಣಿ ಕಲಸಿ, ಒಲೆಗೆ ಮೆತ್ತಿದಳು. ಜರಡಿಯಲ್ಲಿ ಉಳಿದ ಬೇರಿನ ಚೂರು ಒಲೆಯೊಳಗೇ ಉರಿದು ಹೋಯಿತು.

ಭಾವ ಅಡುಗೆಮನೆ ಬಾಗಿಲಲ್ಲಿ ನಿಂತರು. "ಲಕ್ಷಾಂತರ ಅಳಿಯಂದಿರನ್ನ ಒಂದೇ ಸಲಕ್ಕೆ ಸುಟ್ಟುಬಿಟ್ಟೆಯಲ್ಲೇ!"

"ಹಬ್ಬದ ದಿನ ಅಷ್ಟೊಂದು ಅಳಿಯಂದಿರು ಬಂದ್ರೆ ಒಲೆ ಹಚ್ಚಬೇಡವೇನ್ರೀ?"

ಅಂದು ಎಲ್ಲರೂ ನಕ್ಕೆವು, ಭಾವನೂ ನಕ್ಕರು. ನಾಟಿಯಾದ ಮೇಲೆ ಮಳೆ ನಿಂತುಹೋಯಿತು ನೋಡಿ, ಅಕ್ಕನ ನಗು ಅಲ್ಲಿಗೆ ನಿಂತಿತು. ದಿನಾ ಮೋಡ ನೋಡುವಳು, ಒಲೆ ನೋಡುವಳು. "ಆ ಮಣ್ಣು ಇದ್ದಿದ್ರೆ ನನ್ನ ಪೈರು ಉಳೀತಿತ್ತೋ ಏನೋ ಕಣೇ" ಎಂದಳು ನನ್ನ ಹತ್ತಿರ. ಬೂಷ್ಟನ್ನು ಅವಳು ನಂಬಿದ್ದು ಅವತ್ತೇ ಮೊದಲು. ಹೊಲಕ್ಕೆ ಹೋಗಿ ನೋಡಲೂ ಧೈರ್ಯ ಸಾಲಲಿಲ್ಲ.

ಒಂದು ಮಧ್ಯಾಹ್ನ ನಾನೇ ಬಲವಂತವಾಗಿ ಕರೆದುಕೊಂಡು ಹೋದೆ. ಬದುವಿನ ಮೇಲೆ ಭಾವ ಕೂತಿದ್ದರು. ಅವರ ಎಡಕ್ಕೆ ರಾಗಿ ಸುರುಟಿ, ತರಗಾಗಿ ನೆಲಕ್ಕೆ ಒರಗಿತ್ತು. ಬಲಕ್ಕೆ, ಅದೇ ಬಿತ್ತನೆ, ಅದೇ ಬಿಸಿಲು, ತುದಿ ಕೊಂಚ ಬಾಡಿದ್ದರೂ ಪೈರು ಹಸಿರಾಗಿ ನಿಂತಿತ್ತು. ಬಲಗಡೆಯದು ಅಕ್ಕನ ಹೊಲ!

ಅಕ್ಕ ಎರಡನ್ನೂ ನೋಡಿದಳು. "ಅಟ್ಟದ ಮೇಲಿನ ಮಂಕರಿ?"

"ಪೂರ್ತಿ ನಿನ್ನ ಸಸಿ ಮಡಿಗೇ ಹಾಕ್ದೆ. ನೋಡ್ದೆಯಾ ನನ್ನ ಅಳಿಯಂದಿರನ್ನ! ನಾನು ಹೇಳಿರಲಿಲ್ವಾ?"

"ಅರ್ಧ ಆದ್ರೂ ನಿಮಗೆ ಇಟ್ಕೋಬಾರದಿತ್ತೇನ್ರೀ?"

"ನನ್ನ ಹೊಲ ಒಣಗಿದ್ರೆ ಊರು ನಗುತ್ತೆ. ಅದು ನನಗೆ ರೂಢಿ." ಭಾವ ಒಣಗಿದ ಗರಿಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತ ಹೇಳಿದರು. "ನಿಂದು ಒಣಗಿದ್ರೆ, ನನ್ನ ಕೈಯಾರೆ ಹಾಳಾಯ್ತು ಅಂತ ನೀನು ಮುದ್ದೆ ತಿರುವುವಾಗೆಲ್ಲ ಕೊರಗ್ತಿದ್ದೆ. ಅದನ್ನ ನೋಡೋದು ನನ್ನ ಕೈಲಾಗ್ತಿರಲಿಲ್ಲ ಕಣೇ."

ಅಕ್ಕ ಬಿಸಿಲು ಬರುತ್ತಿದ್ದ ಕಡೆಗೆ ಎರಡು ಹೆಜ್ಜೆ ಸರಿದು, ತನ್ನ ನೆರಳು ಭಾವನ ತಲೆಯ ಮೇಲೆ ಬೀಳುವ ಹಾಗೆ ನಿಂತುಕೊಂಡಳು.